ಓದುಗರ ಪ್ರಶ್ನೆಗಳಿಗೆ ಉತ್ತರ: ಹೊಸದಾಗಿ ಗಾಳ ಹಿಡಿಯುವವರಿಗೆ

ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸವನ್ನು ಈಚೆಗಷ್ಟೇ ಆರಂಭಿಸಿರುವ, ಅಥವಾ ಆರಂಭಿಸಬೇಕೆಂದಿರುವ ಓದುಗರ ಪತ್ರಗಳಿಗೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇವೆ. ಒಂದೇ ಸಂದೇಹವನ್ನು ಹಲವರು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದರಿಂದ ಅಂಥ ಪತ್ರಗಳನ್ನು ಒಂದಾಗಿ ಸೇರಿಸಿದ್ದೇವೆ.

ಪ್ರಶ್ನೆ: ನಾನು ಇದುವರೆಗೆ ಗಾಳ ಹಿಡಿದವನಲ್ಲ. ಅಂಗಡಿಯಲ್ಲಿ ಹತ್ತಾರು ಬಗೆಯ ಕೋಲುಗಳನ್ನೂ ರೀಲುಗಳನ್ನೂ ಕಂಡು ಗಲಿಬಿಲಿಗೊಂಡು ಬರಿಗೈಯಲ್ಲಿ ಮರಳಿದೆ. ಕೆರೆ, ಹೊಳೆ ಎರಡಕ್ಕೂ ಆಗುವಂಥ ಒಂದೇ ಕೋಲನ್ನು ಕೊಳ್ಳುವುದಾದರೆ ಏನನ್ನು ನೋಡಿ ಆರಿಸಬೇಕು?

ಉತ್ತರ: ದಡದಲ್ಲಿ ನಿಂತು ಸಣ್ಣ ಹಾಗೂ ಮಧ್ಯಮ ಗಾತ್ರದ ಮೀನುಗಳನ್ನು ಹಿಡಿಯುವ ಉದ್ದೇಶವಿದ್ದರೆ 6.5ರಿಂದ 7 ಅಡಿ ಉದ್ದದ, ಎರಡು ತುಂಡುಗಳಾಗಿ ಬಿಚ್ಚಿಡಬಹುದಾದ ಸ್ಪಿನ್ನಿಂಗ್ ಕೋಲೊಂದು (ರೀಲು ಕೋಲಿನ ಕೆಳಗೆ ತೂಗುವ ಬಗೆಯದು) ಸಾಕು. ಅಂಗಡಿಯವರ ಗುಣಗಾನವನ್ನು ಕೇಳುವುದಕ್ಕಿಂತ ಹಿಡಿಕೆಯ ಮೇಲ್ಗಡೆ ಕೋಲಿನ ಮೇಲೆಯೇ ಅಚ್ಚಾಗಿರುವ ಸಣ್ಣ ಅಕ್ಷರಗಳನ್ನು ಓದುವುದು ಲೇಸು. ಎಷ್ಟು ಗ್ರಾಂ ಭಾರವನ್ನು ಎಸೆಯಬಹುದು, ಎಷ್ಟು ಪೌಂಡಿನ, ಎಂದರೆ ಎಷ್ಟು ಪೌಂಡ್ ಭಾರ ತಾಳುವ, ದಾರವನ್ನು ಹಾಕಬಹುದು ಎಂಬುದನ್ನು ಸಾಮಾನ್ಯವಾಗಿ ಅಲ್ಲಿ ನಮೂದಿಸಿರುತ್ತಾರೆ. 5ರಿಂದ 20 ಗ್ರಾಂ ಭಾರ, 6ರಿಂದ 12 ಪೌಂಡಿನ ದಾರ ಎಂದಿರುವ ಕೋಲು ಆರಂಭಕ್ಕೆ ಹೊಂದುತ್ತದೆ. ‘ಪವರ್’ ಮತ್ತು ‘ಆ್ಯಕ್ಷನ್’ ಎರಡೂ ಒಂದೇ ಎಂದು ತಿಳಿದವರು ಬಹಳ ಮಂದಿ. ಕೋಲನ್ನು ಬಾಗಿಸಲು ಎಷ್ಟು ಬಲ ಬೇಕೆಂಬುದು ಪವರ್, ಬಾಗುವಾಗ ಅದು ಎಲ್ಲಿಂದ ಬಾಗುತ್ತದೆಂಬುದು ಆ್ಯಕ್ಷನ್. ತುದಿಯಷ್ಟೇ ಬಾಗಿದರೆ ಫಾಸ್ಟ್, ನಡುವಿನವರೆಗೂ ಬಾಗಿದರೆ ಮಾಡರೇಟ್. ಹೊಸಬರ ಕೈ ಗಾಬರಿಯಲ್ಲಿ ಜೋರಾಗಿ ಜಗ್ಗುವುದೇ ಹೆಚ್ಚಾದ್ದರಿಂದ, ಆ ಜಗ್ಗನ್ನು ತನ್ನ ಬಾಗಿನಲ್ಲೇ ನುಂಗಿಕೊಳ್ಳುವ ಮಾಡರೇಟ್ ಕೋಲನ್ನೇ ನಾನು ಸೂಚಿಸುತ್ತೇನೆ.

ಫೈಬರ್‌ಗ್ಲಾಸ್ ಕೋಲು ತುಸು ಭಾರ, ಆದರೆ ಪೆಟ್ಟನ್ನು ತಾಳಿಕೊಳ್ಳುತ್ತದೆ. ಕಾರ್ಬನ್ ಕೋಲು ಹಗುರ, ಮೀನಿನ ಸಣ್ಣ ಮುಟ್ಟುವಿಕೆಯೂ ಕೈಗೆ ತಿಳಿಯುತ್ತದೆ, ಆದರೆ ಕಲ್ಲಿಗೆ ತಾಗಿದರೆ ಕಣ್ಣಿಗೆ ಕಾಣದಂತೆ ಬಿರುಕು ಬಿಟ್ಟು ಮುಂದೊಂದು ದಿನ ಮುರಿಯುತ್ತದೆ. ಕಾರ್ಬನ್ ವಿದ್ಯುತ್ತನ್ನು ಹರಿಯಗೊಡುವ ವಸ್ತು ಎಂಬುದನ್ನು ಮರೆಯಬಾರದು: ವಿದ್ಯುತ್ ತಂತಿಗಳ ಕೆಳಗೆ ಅದನ್ನು ಎತ್ತಿ ಬೀಸುವುದು, ಗುಡುಗು ಕೇಳಿದ ಮೇಲೂ ಅದನ್ನು ಹಿಡಿದು ನಿಲ್ಲುವುದು ಪ್ರಾಣಕ್ಕೇ ಅಪಾಯ. ಕೊಳ್ಳುವಾಗ ಒಂದು ಚೂರು ಹತ್ತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ದಾರ ಹಾಯುವ ಒಂದೊಂದು ಬಳೆಯ ಒಳಗೂ ಅದನ್ನು ಸವರಿ ನೋಡಿ. ಎಳೆ ಸಿಕ್ಕಿಕೊಂಡ ಕಡೆ ಬಳೆಯಲ್ಲಿ ಬಿರುಕಿದೆ ಎಂದು ಅರ್ಥ. ಹತ್ತಿಯನ್ನು ಹಿಡಿದ ಬಿರುಕು ನಾಳೆ ನಿಮ್ಮ ದಾರವನ್ನೂ ಕೊಯ್ಯುತ್ತದೆ.

ರೀಲಿನ ವಿಷಯದಲ್ಲಿ 2500 ಎಂದು ಗುರುತಿಸಿದ ಸ್ಪಿನ್ನಿಂಗ್ ರೀಲು ಈ ಕೋಲಿಗೆ ಸರಿಜೋಡಿ. ಬೇಟ್‌ಕಾಸ್ಟಿಂಗ್ ರೀಲನ್ನು ಸದ್ಯಕ್ಕೆ ದೂರವಿಡಿ. ಎಸೆಯುವಾಗ ತಿರುಗುವ ಉರುಳೆಯನ್ನು ಹೆಬ್ಬೆರಳಿನಿಂದ ತಡೆಯಲು ಬಾರದವರ ಕೈಯಲ್ಲಿ ಅದು ಹಕ್ಕಿಗೂಡಿನಂತೆ ಸಿಕ್ಕುಗಟ್ಟುತ್ತದೆ. ಎಷ್ಟು ಬಾಲ್ ಬೇರಿಂಗ್‌ಗಳಿವೆ ಎಂದು ಎಣಿಸುತ್ತ ಕೂರಬೇಡಿ, ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ರೀಲು ಒಳ್ಳೆಯದಾಗುವುದಿಲ್ಲ. ಹಿಡಿಯನ್ನು ನಿಧಾನವಾಗಿ ತಿರುಗಿಸಿ ನೋಡಿದಾಗ ಅಲುಗಾಟವಾಗಲಿ ಕರಕರ ಸದ್ದಾಗಲಿ ಇಲ್ಲದೆ, ಡ್ರ್ಯಾಗ್ (ಮೀನು ಎಷ್ಟು ಜೋರಾಗಿ ಎಳೆದರೆ ರೀಲು ದಾರ ಬಿಡಬೇಕೆಂದು ನಿಗದಿಪಡಿಸುವ ತಡೆ) ಬಿಗಿದು ದಾರವನ್ನೆಳೆದಾಗ ತಡೆತಡೆದು ಹಾರದೆ ಒಂದೇ ಸಮನೆ ಬಿಟ್ಟುಕೊಟ್ಟರೆ ಅದು ಸಾಕು. ಕೋಲಿನಲ್ಲಿ ಉಳಿಸಿದ ಹಣವನ್ನು ದಾರಕ್ಕೂ ಗಾಳದ ಮುಳ್ಳಿಗೂ ಎತ್ತಿಡಿ.

ಪ್ರಶ್ನೆ: ನೈಲಾನ್ ದಾರ, ಹೆಣೆದ ದಾರ, ಫ್ಲೋರೋಕಾರ್ಬನ್ ಎಂದು ಮೂರು ಬಗೆ ಇವೆಯಂತೆ. ನಾನು ಹಾಕಿದ ದಾರ ಎರಡೇ ದಿನದಲ್ಲಿ ಹುರಿಗಟ್ಟಿ ಸುರುಳಿ ಸುರುಳಿಯಾಗಿ ಹೊರಬೀಳುತ್ತಿದೆ. ದಾರದ ದೋಷವೋ, ನನ್ನದೋ?

ಉತ್ತರ: ಕ್ಷಮಿಸಿ, ಬಹುಮಟ್ಟಿಗೆ ನಿಮ್ಮದೇ, ಆದರೆ ತಿದ್ದಿಕೊಳ್ಳಬಹುದಾದ ದೋಷ. ಮೊದಲು ಬಗೆಯ ಮಾತು. ಆರಂಭಿಕರಿಗೆ 8 ಪೌಂಡಿನ, ಎಂದರೆ ಸುಮಾರು 3.6 ಕಿಲೋ ಭಾರ ತಾಳುವ ಒಂಟಿ ಎಳೆಯ ನೈಲಾನ್ ದಾರವೇ ಉತ್ತಮ. ಅದು ಹಿಗ್ಗುತ್ತದೆ, ಆದ್ದರಿಂದ ತಪ್ಪನ್ನು ಮನ್ನಿಸುತ್ತದೆ. ಗಂಟು ಚೆನ್ನಾಗಿ ಕೂರುತ್ತದೆ. ಹೆಣೆದ ದಾರ ಅದೇ ದಪ್ಪಕ್ಕೆ ಹೆಚ್ಚು ಬಲವುಳ್ಳದ್ದಾದರೂ ಸ್ವಲ್ಪವೂ ಹಿಗ್ಗದು, ಕೈಗೆ ಸುತ್ತಿಕೊಂಡು ಎಳೆದರೆ ಚರ್ಮವನ್ನು ಕೊಯ್ದುಬಿಡುತ್ತದೆ. ಫ್ಲೋರೋಕಾರ್ಬನ್ ನೀರಿನಲ್ಲಿ ಬೇಗ ಮುಳುಗುತ್ತದೆ, ಉಜ್ಜಾಟವನ್ನು ತಾಳುತ್ತದೆ, ಆದರೆ ಗಡಸು.

ಈಗ ಹುರಿಯ ಮಾತು. ಹೊಸ ದಾರವನ್ನು ರೀಲಿಗೆ ಸುತ್ತುವಾಗ ಅದರ ಉರುಳೆಯನ್ನು ಚೀಟಿಯಿರುವ ಮಗ್ಗುಲು ಮೇಲೆ ಬರುವಂತೆ ನೆಲದ ಮೇಲೆ ಮಲಗಿಸಿ, ಹತ್ತು ಹದಿನೈದು ಸುತ್ತು ಸುತ್ತಿದ ಮೇಲೆ ದಾರವನ್ನು ಸಡಿಲ ಬಿಡಿ. ಅದು ತನ್ನಷ್ಟಕ್ಕೇ ಹೊಸೆದುಕೊಂಡರೆ ಉರುಳೆಯನ್ನು ಮಗುಚಿ ಹಾಕಿ ಮುಂದುವರಿಸಿ. ರೀಲಿನಲ್ಲಿ ದಾರ ಸುತ್ತಿಕೊಳ್ಳುವ ಉರುಳೆಯಾದ ಸ್ಪೂಲಿನ ಅಂಚಿಗಿಂತ 2–3 ಮಿಲಿಮೀಟರ್ ಕೆಳಗೆ ನಿಲ್ಲಿಸಬೇಕು; ಅಂಚಿನವರೆಗೂ ತುಂಬಿದರೆ ಎಸೆದಾಗ ಸುರುಳಿಗಳು ಒಟ್ಟಾಗಿ ಹಾರುತ್ತವೆ, ತೀರ ಕಡಿಮೆಯಾದರೆ ದೂರ ಹೋಗದು. ಎಸೆದ ಮೇಲೆ ಬೇಲ್ ತಂತಿಯನ್ನು (ದಾರವನ್ನು ಹಿಡಿದು ಸ್ಪೂಲಿಗೆ ಸುತ್ತುವ ಕಮಾನು) ಹಿಡಿ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಎಳೆದು ಬಿಗಿಮಾಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಮೀನು ದಾರವನ್ನು ಎಳೆದುಕೊಂಡು ಓಡುತ್ತಿರುವಾಗ ಹಿಡಿಯನ್ನು ತಿರುಗಿಸಬೇಡಿ. ಆಗ ದಾರವೇನೂ ಒಳಬರುವುದಿಲ್ಲ. ನೀವು ತಿರುಗಿಸಿದ ಒಂದೊಂದು ಸುತ್ತಿಗೂ ರೀಲಿನ ತಲೆ ಐದಾರು ಸುತ್ತು ಸುತ್ತಿ ಅಷ್ಟು ಹುರಿಯನ್ನೂ ದಾರಕ್ಕೆ ಸೇರಿಸುತ್ತದೆ.

ಪ್ರಶ್ನೆ: ದೊಡ್ಡ ಮೀನು ಕಚ್ಚಿದಾಗಲೆಲ್ಲ ಗಾಳ ಕಿತ್ತುಹೋಗುತ್ತದೆ. 8 ಪೌಂಡಿನಿಂದ 15 ಪೌಂಡಿನ ದಾರಕ್ಕೆ ಹೋದರೂ ಅದೇ ಕಥೆ. ಇನ್ನೂ ದಪ್ಪ ದಾರ ಹಾಕಲೇ?

ಉತ್ತರ: ಹಾಕಬೇಡಿ. ಕಿತ್ತುಹೋದ ದಾರದ ತುದಿಯನ್ನು ಮೊದಲು ಬೆಳಕಿಗೆ ಹಿಡಿದು ನೋಡಿ, ಆಗಿದ್ದನ್ನು ಅದೇ ಹೇಳುತ್ತದೆ. ತುದಿ ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿದ್ದರೆ ದಾರ ಕಡಿದದ್ದಲ್ಲ, ಗಂಟು ಜಾರಿದ್ದು. ತುದಿಯ ಹಿಂದಿನ ಒಂದು ಗೇಣು ದಾರ ಬೆಳ್ಳಗೆ ಮಾಸಿ, ಬೆರಳಿಗೆ ತರಿತರಿಯಾಗಿ ತಾಗಿದರೆ ಕಲ್ಲಿಗೋ ಕೊರಡಿಗೋ ಉಜ್ಜಿ ಸವೆದದ್ದು. ತುದಿ ನುಣುಪಾಗಿ, ಆದರೆ ತೆಳ್ಳಗೆ ಎಳೆದುಕೊಂಡಂತಿದ್ದರೆ ಮಾತ್ರ ದಾರದ ಶಕ್ತಿ ಮೀರಿದ್ದು. ನಾನು ಕಲಿಯುತ್ತಿದ್ದಾಗ ಒಂದೇ ಬೆಳಿಗ್ಗೆ ಮೂರು ಗಾಳ ಕಳೆದುಕೊಂಡು, ದಾರವನ್ನೂ ಅದನ್ನು ಮಾರಿದವರನ್ನೂ ಮನಸಾರೆ ಬೈದುಕೊಂಡಿದ್ದೆ. ಮೂರೂ ತುದಿಗಳು ಸುರುಳಿಯಾಗಿದ್ದವೆಂಬುದನ್ನು ಜೊತೆಗಿದ್ದ ಹಿರಿಯರು ತೋರಿಸಿದ ಮೇಲೆ ಸುಮ್ಮನಾದೆ. ಕೋಲು ಎಷ್ಟೇ ಒಳ್ಳೆಯದಾಗಿರಲಿ, ಮೀನಿಗೂ ನಿಮಗೂ ಇರುವ ಸಂಬಂಧದಲ್ಲಿ ಅತಿ ದುರ್ಬಲವಾದ ಜಾಗ ಗಾಳದ ಬಳಿಯ ಆ ಒಂದು ಗೇಣೇ.

ಹೊಸಬರು ಪಾಲೋಮಾರ್ ಗಂಟೊಂದನ್ನು ಕಲಿತರೆ ಸಾಕು. ದಾರವನ್ನು ಒಂದು ಗೇಣಿನಷ್ಟು ಇಮ್ಮಡಿಸಿ, ಆ ಮಡಿಕೆಯನ್ನು ಗಾಳದ ಕಣ್ಣಿನೊಳಗೆ ತೂರಿಸಿ, ಇಮ್ಮಡಿ ದಾರದಿಂದಲೇ ಒಂದು ಸಡಿಲವಾದ ಸಾದಾ ಗಂಟು ಹಾಕಿ, ಉಳಿದ ಮಡಿಕೆಯ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ. ಈಗ ಗಂಟನ್ನು ಉಗುಳಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ, ನಿಧಾನವಾಗಿ, ಒಂದೇ ಎಳೆತದಲ್ಲಿ ಬಿಗಿಯಬೇಕು. ಒಣ ನೈಲಾನನ್ನು ರಭಸದಿಂದ ಬಿಗಿದರೆ ಉಜ್ಜಾಟದ ಬಿಸಿಗೆ ದಾರ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಬಿಗಿದ ಮೇಲೆ ಎಳೆಗಳು ಒಂದರ ಮೇಲೊಂದು ಅಡ್ಡಬಿದ್ದಂತೆ ಕಂಡರೆ ಕತ್ತರಿಸಿ ಮತ್ತೆ ಹಾಕಿ. ಸೋಮಾರಿತನಕ್ಕೆ ಇಲ್ಲಿ ಎಡೆಯಿಲ್ಲ. ಮನೆಯಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡು ಹಾಕಲು ಬರುವವರೆಗೆ ಅಭ್ಯಾಸ ಮಾಡಿದರೆ ಮಬ್ಬುಗತ್ತಲೆಯಲ್ಲಿ ಪರದಾಡಬೇಕಾಗುವುದಿಲ್ಲ.

ಇನ್ನೊಂದು ಕಾರಣ ಡ್ರ್ಯಾಗ್. ದಾರದ ಶಕ್ತಿಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಎಳೆತಕ್ಕೆ ರೀಲು ದಾರವನ್ನು ಬಿಟ್ಟುಕೊಡುವಂತೆ ಇರಬೇಕು. 8 ಪೌಂಡಿನ ದಾರಕ್ಕೆ ಇದು ಹೆಚ್ಚುಕಡಿಮೆ ಒಂದು ಕಿಲೋ. ಒಂದು ಲೀಟರ್ ನೀರು ತುಂಬಿದ ಬಾಟಲಿಯ ಕತ್ತಿಗೆ ದಾರ ಕಟ್ಟಿ, ಕೋಲಿನ ಬಳೆಗಳನ್ನು ಬಿಟ್ಟು ರೀಲಿನಿಂದಲೇ ನೇರವಾಗಿ ಮೆಲ್ಲನೆ ಎತ್ತಿ. ಬಾಟಲಿ ನೆಲ ಬಿಡುವ ಹೊತ್ತಿಗೆ ಸ್ಪೂಲು ಜಾರತೊಡಗಿದರೆ ಅಳತೆ ಸರಿಯಿದೆ. ಮೀನು ಸಿಕ್ಕ ಮೇಲೆ ಗಾಬರಿಯಿಂದ ಬಿಗಿಮಾಡಲು ಹೋಗಬೇಡಿ. ಅದು ಓಡಿದಾಗ ಬಿಡಿ, ನಿಂತಾಗ ಕೋಲನ್ನು ಎತ್ತಿ, ಇಳಿಸುತ್ತ ಸುತ್ತಿಕೊಳ್ಳಿ.

ಪ್ರಶ್ನೆ: 10ನೇ ಸಂಖ್ಯೆಯ ಗಾಳ ದೊಡ್ಡದಿರಬಹುದೆಂದು ತರಿಸಿದರೆ ತೀರ ಚಿಕ್ಕದು ಬಂತು. ಈ ಲೆಕ್ಕ ಹೇಗೆ? ಬೆಂಡನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬುದೂ ತಿಳಿಯುತ್ತಿಲ್ಲ.

ಉತ್ತರ: ಗಾಳದ ಸಂಖ್ಯೆ ಹೆಚ್ಚಿದಂತೆ ಗಾತ್ರ ಕಿರಿದಾಗುತ್ತದೆ, 10ಕ್ಕಿಂತ 6 ದೊಡ್ಡದು, 6ಕ್ಕಿಂತ 1 ದೊಡ್ಡದು. ಅದಕ್ಕೂ ದೊಡ್ಡ ಗಾಳಗಳಿಗೆ 1/0, 2/0 ಎಂದು ಬರೆಯುತ್ತಾರೆ, ಅಲ್ಲಿಂದ ಮುಂದೆ ಸಂಖ್ಯೆಯೊಡನೆ ಗಾತ್ರವೂ ಏರುತ್ತದೆ. ಎರೆಹುಳು ಚುಚ್ಚಿ ಸಣ್ಣ ಮೀನು ಹಿಡಿಯಲು 8, 10ರ ಗಾಳಗಳು ಹೊಂದುತ್ತವೆ. ಎರೆಯ ಗಾತ್ರಕ್ಕೆ ಗಾಳವನ್ನು ಹೊಂದಿಸಬೇಕೇ ಹೊರತು ಕನಸಿನ ಮೀನಿನ ಗಾತ್ರಕ್ಕಲ್ಲ. ಮುಳ್ಳಿನ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ: ಕಚ್ಚಿಕೊಂಡರೆ ಹರಿತ, ಜಾರಿದರೆ ಮೊಂಡು.

ಬೆಂಡಿನ ಎತ್ತರ ತಿಳಿಯಲು ನೀರಿನ ಆಳವನ್ನು ಅಳೆಯಬೇಕು. ಗಾಳಕ್ಕೆ ಬೆಂಡನ್ನು ಮುಳುಗಿಸುವಷ್ಟು ಭಾರದ ಗುಂಡೊಂದನ್ನು ಸಿಕ್ಕಿಸಿ ನೀರಿಗೆ ಬಿಡಿ. ಬೆಂಡು ಮುಳುಗಿದರೆ ನೀರು ನೀವೆಣಿಸಿದ್ದಕ್ಕಿಂತ ಆಳ, ಬೆಂಡನ್ನು ಮೇಲಕ್ಕೆ ಸರಿಸಿ. ಅಡ್ಡಲಾಗಿ ಮಲಗಿದರೆ ಆಳ ಕಡಿಮೆ, ಕೆಳಕ್ಕೆ ಸರಿಸಿ. ತುದಿಯಷ್ಟೇ ಕಾಣುವಂತೆ ನೆಟ್ಟಗೆ ನಿಂತಾಗ ಗಾಳ ತಳವನ್ನು ಮುಟ್ಟಿದೆ ಎಂದರ್ಥ. ಆ ಗುಂಡನ್ನು ತೆಗೆದ ಮೇಲೂ ಬೆಂಡಿನ ತುದಿ ಮಾತ್ರ ನೀರಿನ ಮೇಲಿರುವಂತೆ ದಾರಕ್ಕೆ ಸಣ್ಣ ಗುಂಡುಗಳನ್ನು ಕಚ್ಚಿಸಬೇಕು; ಬೆಂಡು ಹೆಚ್ಚು ಮೇಲೆದ್ದಿದ್ದರೆ ಅದನ್ನು ಎಳೆಯುವಾಗ ಮೀನಿಗೆ ತಡೆ ತಿಳಿದು ಎರೆಯನ್ನು ಉಗಿಯುತ್ತದೆ. ಸೀಸದ ಬದಲು ತವರ ಅಥವಾ ಟಂಗ್‌ಸ್ಟನ್ ಗುಂಡು ಸಿಕ್ಕರೆ ಅದನ್ನೇ ಕೊಳ್ಳಿ. ನೀರುಹಕ್ಕಿಗಳು ಸೀಸದ ಗುಂಡನ್ನು ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಈ ಕಾರಣದಿಂದಲೇ ಬ್ರಿಟನ್ 1987ರಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು ನಿರ್ಬಂಧಿಸಿತು.

ಪ್ರಶ್ನೆ: ನಸುಕಿನಲ್ಲಿ ಹೋದರೇ ಮೀನು ಸಿಗುವುದೆಂಬುದು ನಿಜವೇ? ದಡದಲ್ಲಿ ಮಾತನಾಡಬಾರದಂತೆ, ಹೌದೇ?

ಉತ್ತರ: ನಸುಕು, ಮುಸ್ಸಂಜೆ ಎರಡೂ ಒಳ್ಳೆಯ ಹೊತ್ತುಗಳೇ, ಬೆಳಕು ಕಡಿಮೆಯಿರುವಾಗ ಹಲವು ಜಾತಿಯ ಮೀನುಗಳು ಧೈರ್ಯದಿಂದ ದಡದ ಬಳಿ ಮೇಯಲು ಬರುತ್ತವೆ. ಆದರೆ ಬೇಸಿಗೆಯಲ್ಲಿ, ಜೊಂಡು ತುಂಬಿದ ನಿಂತ ನೀರಿನ ಸಣ್ಣ ಕೊಳಗಳಲ್ಲಿ ಈ ಮಾತು ಸುಳ್ಳಾಗಬಹುದು. 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡರೆ 30 ಡಿಗ್ರಿಯಲ್ಲಿ ಅದು ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ ಇರುಳೆಲ್ಲ ಜಲಸಸ್ಯಗಳೂ ಉಸಿರಾಡುವುದರಿಂದ ನಸುಕಿನ ಹೊತ್ತಿಗೆ ಅಲ್ಲಿ ಆಮ್ಲಜನಕ ತೀರ ಕಡಿಮೆಯಿರುತ್ತದೆ. ಮಂಕಾದ ಮೀನು ತಿನ್ನುವುದಿಲ್ಲ. ಅಂಥ ಕಡೆ ಸಂಜೆಯೇ ಮೇಲು, ಅಥವಾ ನೀರು ಒಳಹರಿಯುವ ಜಾಗವನ್ನು ಹುಡುಕಬೇಕು.

ಮಾತಿನ ಬಗ್ಗೆ ಹೇಳುವುದಾದರೆ, ಗಾಳಿಯಲ್ಲಿ ಬಂದ ಸದ್ದು ಬಹುಪಾಲು ನೀರಿನ ಮೇಲ್ಮೈಗೆ ತಾಗಿ ಹಿಂದಿರುಗುವುದರಿಂದ ಮೆಲುಮಾತಿಗೆ ಅಡ್ಡಿಯಿಲ್ಲ. ದಡದ ಮೇಲೆ ಧಪಧಪ ಹೆಜ್ಜೆ ಹಾಕುವುದು ಮಾತ್ರ ತಪ್ಪು. ನೆಲದ ಮೂಲಕ ಸಾಗಿದ ಕಂಪನವನ್ನು ಮೀನು ತನ್ನ ಮೈಯ ಪಕ್ಕದ ಪಾರ್ಶ್ವರೇಖೆಯಿಂದಲೂ ಒಳಗಿವಿಯಿಂದಲೂ ಗ್ರಹಿಸುತ್ತದೆ. ನೆರಳೂ ಅಷ್ಟೇ. ತಿಳಿಯಾದ ನಿಶ್ಚಲ ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಜಗತ್ತೆಲ್ಲ ಸುಮಾರು 97 ಡಿಗ್ರಿ ಅಗಲದ ವೃತ್ತಾಕಾರದ ಕಿಟಕಿಯೊಂದರಲ್ಲಿ ಕಾಣಿಸುತ್ತದೆ. ದಡದಂಚಿನಲ್ಲಿ ನೆಟ್ಟಗೆ ನಿಂತವರು ಅದರೊಳಗೆ ಸ್ಪಷ್ಟವಾಗಿ ಬೀಳುತ್ತಾರೆ, ಹಿಂದೆ ಸರಿದು ಕುಳಿತವರು ಕಿಟಕಿಯ ಅಂಚಿನಲ್ಲಿ ಚಪ್ಪಟೆಯಾಗಿ ಕರಗಿಹೋಗುತ್ತಾರೆ.

ಪ್ರಶ್ನೆ: ತೀರ ಸಣ್ಣ ಮೀನು ಸಿಕ್ಕರೆ ಬಿಟ್ಟುಬಿಡುತ್ತೇನೆ, ಆದರೆ ಬಿಟ್ಟ ಮೀನು ಬದುಕುತ್ತದೆಯೇ?

ಉತ್ತರ: ನಿಮ್ಮ ಕೈಯನ್ನು ಅವಲಂಬಿಸಿದೆ. ಗಾಳದ ಮೊನೆಯ ಹಿಂದಿರುವ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಅದುಮಿಬಿಟ್ಟರೆ ಬಿಡಿಸುವುದು ಕ್ಷಣದ ಕೆಲಸ. ಮುಟ್ಟುವ ಮುನ್ನ ಕೈಯನ್ನು ಒದ್ದೆ ಮಾಡಿಕೊಳ್ಳಿ, ಒಣ ಕೈ ಅಥವಾ ಬಟ್ಟೆ ತಾಗಿದರೆ ಮೈಯನ್ನು ಸೋಂಕಿನಿಂದ ಕಾಯುವ ಲೋಳೆ ಕಿತ್ತುಬರುತ್ತದೆ. ಕಿವಿರಿಗೆ ಬೆರಳು ಹಾಕಬಾರದು, ಹೊಟ್ಟೆಯ ಕೆಳಗೆ ಅಂಗೈ ಆಸರೆ ಕೊಡಬೇಕು. ಗಾಳವನ್ನು ನುಂಗಿಬಿಟ್ಟಿದ್ದರೆ ಎಳೆಯದೆ, ಬಾಯ ಬಳಿ ದಾರವನ್ನು ಕತ್ತರಿಸಿ ಬಿಡುವುದೇ ಅದಕ್ಕೆ ಉಳಿವಿನ ದಾರಿ. ಕತ್ತರಿಸಿದ ದಾರದ ಚೂರುಗಳು ಮಾತ್ರ ದಡದಲ್ಲಿ ಉಳಿಯದೆ ನಿಮ್ಮ ಜೇಬು ಸೇರಲಿ.

ಪ್ರಶ್ನೆ: ಗಾಳ ನನ್ನ ಬೆರಳಿಗೇ ಚುಚ್ಚಿಕೊಂಡರೆ?

ಉತ್ತರ: ಹಿಮ್ಮುಳ್ಳು ಒಳಹೋಗಿರದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆದು, ಸಾಬೂನು ನೀರಿನಲ್ಲಿ ತೊಳೆಯಿರಿ. ಆಳವಾಗಿ ನಾಟಿದ್ದರೆ, ಕಣ್ಣಿನ ಬಳಿಯಾಗಿದ್ದರಂತೂ ಕಡ್ಡಾಯವಾಗಿ, ದಾರವನ್ನಷ್ಟೇ ಕತ್ತರಿಸಿ ಗಾಳವನ್ನು ಅಲುಗಿಸದೆ ವೈದ್ಯರ ಬಳಿ ಹೋಗಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂಬುದನ್ನೂ ತಿಳಿಸಿ. ಎಸೆಯುವ ಮುನ್ನ ಒಮ್ಮೆ ಹಿಂದೆ ತಿರುಗಿ ನೋಡುವುದು, ಬಿಸಿಲಿರಲಿ ಇಲ್ಲದಿರಲಿ ಕನ್ನಡಕ ಹಾಕಿಕೊಳ್ಳುವುದು ಎರಡನ್ನೂ ರೂಢಿಸಿಕೊಳ್ಳಿ. ಪೋಲರಾಯ್ಡ್ ಕನ್ನಡಕವಾದರೆ ನೀರಿನ ಮೇಲಿನ ಹೊಳಪು ಕಳೆದು ಒಳಗಿರುವ ಕೊರಡೂ ಕಾಣಿಸುತ್ತದೆ, ಅದರ ನೆರಳಲ್ಲಿ ನಿಂತ ಮೀನೂ ಕಾಣಿಸುತ್ತದೆ.