ಹಿಂದಿ ಬೈಬಲ್ ಕೊಟ್ಟರೆ ಸಾಕಲ್ವಾ?

ಪ್ರಶ್ನೆ: ಅಕ್ಕ, ನಮಸ್ಕಾರ. ಜಾರ್ಖಂಡ್, ಒಡಿಶಾ, ಬಂಗಾಳದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಈಗ ನಮ್ಮ ಚರ್ಚಿನ ಸಭೆಗೆ ಬರುತ್ತಿವೆ. ಬೈಬಲ್ ಬೇಕು ಅಂತ ಅವರೇ ಕೇಳಿದ್ದಾರೆ. ಎಲ್ಲರಿಗೂ ಹಿಂದಿ ಬರುತ್ತದೆ. ಒಟ್ಟಿಗೆ ಹಿಂದಿ ಬೈಬಲ್ ತರಿಸಿಬಿಟ್ಟರೆ ಸಾಕಲ್ವಾ?
– ಯುವಜನ ಕೂಟದ ಒಬ್ಬ ಓದುಗ

ಉತ್ತರ: ಅವರೇ ಕೇಳಿದ್ದಾರೆ ಅಂದೆಯಲ್ಲ ತಮ್ಮಾ, ಕೇಳಿ ತುಂಬಾ ಸಂತೋಷವಾಯಿತು. ಆದರೆ ಒಟ್ಟಿಗೆ ತರಿಸುವ ಅವಸರ ಬೇಡ. ಮೇಸ್ತ್ರಿ ಹತ್ತಿರ ಕೂಲಿ ಲೆಕ್ಕ ಮಾತಾಡುವ ಹಿಂದಿ ಬೇರೆ, ಮಗುವಿಗೆ ಜ್ವರ ಬಂದ ರಾತ್ರಿ ಪ್ರಾರ್ಥನೆ ಮಾಡುವ ಭಾಷೆ ಬೇರೆ. ಮನೆಯಲ್ಲಿ ಅಮ್ಮನ ಜೊತೆ ಯಾವ ಭಾಷೆ ಆಡುತ್ತೀರಿ ಅಂತ ಒಬ್ಬೊಬ್ಬರನ್ನೂ ಕೇಳು. ಒಂದೇ ರಾಜ್ಯದವರಲ್ಲಿ ಒಬ್ಬರದು ಸಾಂತಾಲಿ, ಇನ್ನೊಬ್ಬರದು ಮುಂಡಾರಿ, ಮತ್ತೊಬ್ಬರದು ಕುಡುಖ್ ಇರಬಹುದು.

ಭಾಷೆ ಗೊತ್ತಾದ ಮೇಲೆ ಲಿಪಿ ಕೇಳು. ಇದನ್ನು ಜಾಸ್ತಿ ಜನ ಮರೆತೇಬಿಡುತ್ತಾರೆ. ಸಾಂತಾಲಿಯನ್ನೇ ನೋಡು. ಅದಕ್ಕೆ ಓಲ್ ಚಿಕಿ ಎಂಬ ಸ್ವಂತ ಲಿಪಿ ಇದೆ, 1925ರಲ್ಲಿ ರಘುನಾಥ ಮುರ್ಮು ರೂಪಿಸಿದ್ದು. ಆದರೆ ಬಂಗಾಳದಲ್ಲಿ ಶಾಲೆಗೆ ಹೋದವರಿಗೆ ಬಂಗಾಳಿ ಲಿಪಿ ಸಲೀಸು, ಒಡಿಶಾದವರಿಗೆ ಒಡಿಯಾ, ಜಾರ್ಖಂಡಿನವರಿಗೆ ದೇವನಾಗರಿ. ಸಭೆಗಳಲ್ಲಿ ಮಿಷನರಿಗಳ ಕಾಲದಿಂದ ರೋಮನ್ ಲಿಪಿಯೂ ನಡೆದುಬಂದಿದೆ. ಭಾಷೆ ಸರಿಯಿದ್ದರೂ ಅಕ್ಷರ ಬಾರದಿದ್ದರೆ ಪುಸ್ತಕ ಸುಮ್ನೆ ಪೆಟ್ಟಿಗೆ ಸೇರುತ್ತದೆ.

ಓದಲು ಬಾರದವರೂ ಇರುತ್ತಾರೆ, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ನಾನು ಪುಸ್ತಕ ಹಂಚುತ್ತಿದ್ದಾಗ ಒಬ್ಬ ಸಾಂತಾಲಿ ಹೆಂಗಸು ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ತೆಗೆದುಕೊಂಡು, ಹಾಳೆ ತಿರುಗಿಸಿ, ಸೆರಗಿನಲ್ಲಿ ಒರೆಸಿ ಮಗನ ಕೈಗೆ ಕೊಟ್ಟರು. ಆ ಹುಡುಗನ ಮೊಬೈಲಿನಲ್ಲಿ ಯೇಸುವಿನ ಬದುಕು ಹೇಳುವ ಲೂಕನ ಸುವಾರ್ತೆಯ 15ನೇ ಅಧ್ಯಾಯದ ಆಡಿಯೋ ಹಾಕಿದೆವು, ಕಳೆದುಹೋದ ಮಗನ ಕಥೆ. ತಂದೆ ಓಡಿಬಂದು ಮಗನನ್ನು ಅಪ್ಪಿಕೊಳ್ಳುವ ಕಡೆ ಆಕೆ ಕೈ ಎತ್ತಿ ನಿಲ್ಲಿಸಿದರು. ಅಷ್ಟನ್ನೇ ಮತ್ತೆ ಹಾಕಿಸಿಕೊಂಡು ಕೇಳಿದರು. ಅವತ್ತಿನಿಂದ ಪುಸ್ತಕದಷ್ಟೇ ಆಡಿಯೋಗೂ ಬೆಲೆ ಕೊಡುತ್ತೇನೆ. ಬೈಬಲ್ ಡಾಟ್ ಈಸ್ ಆ್ಯಪ್‌ನಲ್ಲಿ ಸಾವಿರಕ್ಕೂ ಹೆಚ್ಚು ಭಾಷೆಗಳ ಆಡಿಯೋ ಉಚಿತವಾಗಿ ಸಿಗುತ್ತದೆ. ಡೇಟಾ ಖರ್ಚು ಅವರ ತಲೆಗೆ ಬೀಳಬಾರದು. ಚರ್ಚಿನ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಡಿ.

ಅವರು ಊರಿನಲ್ಲಿ ಯಾವ ಸಭೆಗೆ ಹೋಗುತ್ತಿದ್ದರು ಅಂತಲೂ ವಿಚಾರಿಸು. ಕಥೋಲಿಕರ ಬೈಬಲ್‌ನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದರಲ್ಲಿ 66. ತಮ್ಮದನ್ನೇ ಕೊಟ್ಟರೆ ಅವರಿಗೆ ಸಮಾಧಾನ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ರೇಷನ್ ಕಿಟ್, ಔಷಧಿ, ಕೆಲಸದ ಸಹಾಯದ ಜೊತೆ ಬೈಬಲ್ ಸೇರಿಸಿ ಕೊಡಬೇಡಿ. ಹಸಿದವರಿಗೆ ಬೇಡ ಅನ್ನುವ ಧೈರ್ಯ ಇರುವುದಿಲ್ಲ. ಕೇಳಿದವರಿಗೆ ಮಾತ್ರ ಕೊಡಿ. ಕೊಡುವಾಗ ಫೋಟೊ ತೆಗೆಯುವುದಂತೂ ಬೇಡವೇ ಬೇಡ.

ಜಗತ್ತಿನ ಸುಮಾರು 7,000 ಭಾಷೆಗಳಲ್ಲಿ ಪೂರ್ತಿ ಬೈಬಲ್ ಇರುವುದು 700ಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತ್ರ. ಹಾಗಾಗಿ ಕೆಲವರಿಗೆ ಹೊಸ ಒಡಂಬಡಿಕೆ ಅಥವಾ ಒಂದು ಸುವಾರ್ತೆಯಷ್ಟೇ ಸಿಗಬಹುದು. ಅದನ್ನು ಮೊದಲೇ ಹೇಳಿಬಿಡು. ಈ ಭಾನುವಾರ ಹೆಸರು, ಭಾಷೆ, ಲಿಪಿ, ಪುಸ್ತಕವೋ ಆಡಿಯೋನೋ ಅಂತ ಬರೆದುಕೋ. ಆ ಪಟ್ಟಿ ಹಿಡಿದು, ಬೈಬಲ್ ಅಚ್ಚು ಹಾಕಿಸಿ ಹಂಚುವ ಬೈಬಲ್ ಸೊಸೈಟಿಯವರನ್ನು ಕೇಳು. ಮೊದಲು ಒಂದೊಂದೇ ಪ್ರತಿ ತರಿಸಿ ಅವರಿಂದ ಓದಿಸಿ ನೋಡು, ಉಳಿದದ್ದು ಆಮೇಲೆ.