ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಕುರಿತ ಪ್ರಶ್ನೆಗೆ ಪ್ರತಿಕ್ರಿಯೆ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನ ಟಿವಿಯಲ್ಲಿ ಬರಿಯ ಬಯಲಿನಂತೆ ಕಾಣುತ್ತದೆ, ಅದರಲ್ಲಿ ಅಂಥದ್ದೇನಿದೆ, ಸಾಮಾನ್ಯರಿಗೆ ಅಲ್ಲಿ ಆಡಲು ಸಿಗುತ್ತದೆಯೇ ಎಂದು ತಾವು ಕೇಳಿದ್ದೀರಿ. ಆ ಬಯಲುತನದಲ್ಲಿಯೇ ಅದರ ಸೊಗಸಿದೆ ಎಂದು ನಾನು ನಂಬಿದ್ದೇನೆ. ಫೇರ್‌ವೇ, ಅಂದರೆ ಚೆಂಡು ಸಾಗಬೇಕಾದ ಕತ್ತರಿಸಿದ ಹುಲ್ಲಿನ ಹಾದಿ, ವಿಶಾಲವಾಗಿರುವುದರಿಂದ ಎಡಕ್ಕೆ ಹೊಡೆದು ಸುರಕ್ಷಿತವಾಗಿ ಉಳಿಯಬಹುದು. ಆದರೆ ಹಾಗೆ ಉಳಿದವರಿಗೆ ಗ್ರೀನ್ (ಗುಳಿ ಇರುವ ನುಣುಪಾದ ಹುಲ್ಲಿನ ಜಾಗ) ಕಡೆಗಿನ ಮುಂದಿನ ಹೊಡೆತ ಬಹುತೇಕ ಕಡೆ ಕಠಿಣವಾಗುತ್ತದೆ, ಬಲಗಡೆಯ ಅಪಾಯಕ್ಕೆ ಒಡ್ಡಿಕೊಂಡವರಿಗೆ ದಾರಿ ತೆರೆದುಕೊಳ್ಳುತ್ತದೆ. ಮೊದಲ ಹೊಡೆತದ ಜಾಗದಿಂದ ಗುಳಿಯವರೆಗಿನ ಒಂದೊಂದು ಭಾಗವನ್ನೂ ಹೋಲ್ ಎನ್ನುತ್ತಾರೆ; 17ನೆಯದಾದ ರೋಡ್ ಹೋಲ್‌ನಲ್ಲಂತೂ ಹೋಟೆಲಿನ ಆವರಣದ ಮೂಲೆಯ ಮೇಲಿಂದಲೇ ಚೆಂಡನ್ನು ಹಾಯಿಸಬೇಕು. ಮುಂದೆ ಗ್ರೀನ್‌ಗೆ ಅಂಟಿಕೊಂಡಂತೆ ಬಂಕರ್ ಎಂಬ ಆಳವಾದ ಮರಳುಗುಂಡಿ, ಅದರಾಚೆ ರಸ್ತೆ. 14 ಹೋಲ್‌ಗಳು ಏಳು ದೊಡ್ಡ ಗ್ರೀನ್‌ಗಳನ್ನು ಜೋಡಿಯಾಗಿ ಹಂಚಿಕೊಂಡಿದ್ದು, ಪ್ರತಿ ಜೋಡಿಯ ಸಂಖ್ಯೆಗಳನ್ನು ಕೂಡಿಸಿದರೆ 18 ಬರುತ್ತದೆ.

ಈ ನೆಲ ಸ್ಥಳೀಯ ಆಡಳಿತವಾದ ಫೈಫ್ ಕೌನ್ಸಿಲ್‌ಗೆ ಸೇರಿದ್ದು, 1974ರ ಕಾಯಿದೆಯಂತೆ ಲಿಂಕ್ಸ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಆಡಲು ಅಲ್ಲಿನ ಕ್ಲಬ್‌ಗಳ ಸದಸ್ಯತ್ವ ಬೇಕಿಲ್ಲ. ಎರಡು ದಿನ ಮುಂಚೆ ಹೆಸರು ಕೊಟ್ಟರೆ ಚೀಟಿ ಎತ್ತುವ ಕ್ರಮದಲ್ಲಿ ಸರದಿ ಸಿಗಬಹುದು. ಭಾನುವಾರ ಸಾಮಾನ್ಯವಾಗಿ ಆಟವಿರುವುದಿಲ್ಲ, ಊರಿನವರು ಅಲ್ಲಿ ಅಡ್ಡಾಡುತ್ತಾರೆ. ತಾವೂ ಅಂದು ನಡೆದು ನೋಡಿ. ಟಿವಿಯಲ್ಲಿ ಕಾಣದ ಏರುತಗ್ಗುಗಳು ಕಾಲಿಗೇ ತಿಳಿಯುತ್ತವೆ.