ಜೀಪಿನ ಬಾಡಿ ಚಾಸಿಗೆ ಕೂರುತ್ತಿಲ್ಲವೇ? ರಿಮೋಟ್ ಟ್ರಕ್ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಕಲ್ಲು, ಕೆಸರು, ತೋಟದ ಬರೆ ಹತ್ತುವ ಸ್ಕೇಲ್ ಟ್ರಕ್ (ನಿಜವಾದ ಗಾಡಿಯನ್ನು ಅಳತೆ ಹಿಡಿದು ಕುಗ್ಗಿಸಿದ ರಿಮೋಟ್ ಮಾದರಿ) ಕಟ್ಟುತ್ತಿರುವ ಕೊಡಗಿನ ಓದುಗರ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಯಾವ ಮೋಟಾರು ಹಾಕಲಿ ಎಂದು ಕೇಳುವವರೇ ಜಾಸ್ತಿ. ಆದರೆ ಈ ಹವ್ಯಾಸದಲ್ಲಿ ದುಡ್ಡು ಪೋಲಾಗುವುದೂ ಅಲ್ಲೇ. ಟೈರು, ಸರ್ವೋ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟಾರು), ತೂಕ ಈ ಮೂರು ಸರಿಯಾದ ಮೇಲೆ ಮೋಟಾರಿನ ಮಾತು.

313 ಮಿ.ಮೀ. ವೀಲ್‌ಬೇಸಿನ 1/10 ಚಾಸಿ ಕೊಂಡೆ (ವೀಲ್‌ಬೇಸ್ ಎಂದರೆ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ). ಥಾರ್ ಬಾಡಿ ಕೂರಿಸೋಣವೆಂದು 1/10 ಲೆಕ್ಕಕ್ಕೆ ಶೀಟ್ ಕತ್ತರಿಸಿದೆ. ಚಕ್ರದ ಕಮಾನು ಚಕ್ರದ ಮೇಲೆ ಬರುತ್ತಿಲ್ಲ, ಟೈರು ಟ್ರ್ಯಾಕ್ಟರಿನದರಂತೆ ಕಾಣುತ್ತದೆ. ಎಲ್ಲಿ ತಪ್ಪಿದೆ? – ಸುಂಟಿಕೊಪ್ಪದ ಓದುಗರು

ನಿಮ್ಮ ಕತ್ತರಿ ತಪ್ಪಿಲ್ಲ. ಡಬ್ಬಿಯ ಮೇಲಿದ್ದ '1/10' ಎಂಬುದನ್ನು ನಂಬಿದ್ದೇ ತಪ್ಪು. ಈ ಹವ್ಯಾಸದಲ್ಲಿ 1/10 ಎಂದರೆ ಅಂಗಿಯ ಮೇಲಿನ 'ಎಲ್' ಸೈಜಿನ ಹಾಗೆ, ಅಂದಾಜು ಮಾತ್ರ. ಟ್ರಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-4 ಡಿಫೆಂಡರ್ ತೆಗೆದುಕೊಳ್ಳಿ. ಅದರ ವೀಲ್‌ಬೇಸ್ 324 ಮಿ.ಮೀ. ನಿಜವಾದ ಡಿಫೆಂಡರ್ 110ರದ್ದು 110 ಇಂಚು, ಅಂದರೆ 2794 ಮಿ.ಮೀ. ಭಾಗಿಸಿದರೆ 1/8.6 ಬರುತ್ತದೆ.

ಈಗ ನಿಮ್ಮ ಗಾಡಿಗೆ ಬರೋಣ. 2020ರಲ್ಲಿ ಬಂದ ಥಾರ್‌ನ ವೀಲ್‌ಬೇಸ್ 2450 ಮಿ.ಮೀ. 1/10ಕ್ಕೆ ಇಳಿಸಿದರೆ 245. ನಿಮ್ಮ ಚಾಸಿ 313. ಎರಡರ ನಡುವೆ 68 ಮಿ.ಮೀ. ಅಂತರ, ಕಮಾನು ಹೇಗೆ ಹೊಂದೀತು? ಟೈರಿನ ಕಥೆಯೂ ಅಷ್ಟೇ. ಥಾರ್‌ನ 255/65 ಆರ್18 ಟೈರಿನ ವ್ಯಾಸ ಸುಮಾರು 789 ಮಿ.ಮೀ., 1/10ಕ್ಕೆ 79. ನಿಮ್ಮ ಚಾಸಿಯ ಜೊತೆ ಬಂದಿರುವ 1.9 ಇಂಚು ರಿಮ್ಮಿನ ಟೈರು 110ರ ಆಸುಪಾಸು ಇರುತ್ತದೆ. ಟ್ರ್ಯಾಕ್ಟರಿನಂತೆ ಕಾಣದೆ ಇನ್ನೇನು?

ಹಾಗಾಗಿ ಸ್ಕೇಲನ್ನು ಡಬ್ಬಿ ನೋಡಿ ಹಿಡಿಯಬೇಡಿ. ಮೊದಲು ಟೈರು ಗೊತ್ತು ಮಾಡಿ, ಅದರಿಂದ ಸ್ಕೇಲು, ಸ್ಕೇಲಿನಿಂದ ವೀಲ್‌ಬೇಸು ಮತ್ತು ಅಗಲ. ನಿಮಗೆ 1/9 ಚೆನ್ನಾಗಿ ಹೊಂದುತ್ತದೆ: ವೀಲ್‌ಬೇಸ್ 272, ಬಾಡಿ ಅಗಲ 202, ಟೈರು 88 ಮಿ.ಮೀ. 1.55 ಇಂಚು ರಿಮ್ಮಿಗೆ ಈ ಅಳತೆಯ ಟೈರು ಸಿಗುತ್ತದೆ. ಚಾಸಿಯಲ್ಲಿ 41 ಮಿ.ಮೀ. ಕಡಿಮೆ ಮಾಡುವಾಗ ಮುಂದಿನ ಆಕ್ಸಲ್ ಮುಟ್ಟಬೇಡಿ, ಅಲ್ಲಿ ಸ್ಟೀರಿಂಗ್ ರಾಡು, ಪ್ಯಾನಾರ್ಡ್ ರಾಡು (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ಎಲ್ಲ ಕೂತಿವೆ. ಹಿಂದಿನ ಆಕ್ಸಲನ್ನು ಚಾಸಿಗೆ ಹಿಡಿದಿರುವ ನಾಲ್ಕೂ ಲಿಂಕ್‌ಗಳನ್ನು ಕುಗ್ಗಿಸಿ, ಶಾಕಿನ ಕಂಬವನ್ನು ಅಷ್ಟೇ ಮುಂದಕ್ಕೆ ತನ್ನಿ. ಹಿಂದಿನ ಡ್ರೈವ್‌ಶಾಫ್ಟ್ ಪೂರ್ತಿ ಒಳಸರಿದಾಗಲೂ 3-4 ಮಿ.ಮೀ. ಜಾಗ ಉಳಿಯಬೇಕು. ಉಳಿಯದಿದ್ದರೆ ಶಾಕ್ ಕುಗ್ಗಿದಾಗ ಶಾಫ್ಟು ಗೇರ್‌ಬಾಕ್ಸಿನ ಬೇರಿಂಗನ್ನೇ ಒತ್ತುತ್ತದೆ. ಶಾಫ್ಟ್ ಬಿಚ್ಚಿ ಜೋಡಿಸುವಾಗ ಎರಡು ತುದಿಯ ಕವಲುಗಳೂ ಒಂದೇ ದಿಕ್ಕಿಗಿರಲಿ. ಒಂದು ಅಡ್ಡ, ಒಂದು ಉದ್ದ ಆದರೆ ಗಾಡಿ ನಡುಗುತ್ತದೆ, ಮೋಟಾರು ಬದಲಿಸಿದರೂ ನಡುಕ ಹೋಗುವುದಿಲ್ಲ. ಟೈರು ಬಾಡಿಯಿಂದ ಹೊರಗೆ ಚಾಚಿದರೆ ಚಕ್ರದ ಹಿಂದಿನ ಹೆಕ್ಸ್ (ಆರು ಮೂಲೆಯ) ಬಿಲ್ಲೆಯನ್ನು ತೆಳುವಾದದ್ದಕ್ಕೆ ಬದಲಿಸಿ.

ಚಾಸಿ ಕೊಯ್ಯಲು ಮನಸ್ಸಿಲ್ಲದಿದ್ದರೆ ಬಾಡಿಯನ್ನೇ ಬದಲಿಸಿ. ಈಗಿನ ಟೊಯೊಟಾ ಹೈಲಕ್ಸ್ ವೀಲ್‌ಬೇಸ್ 3085 ಮಿ.ಮೀ., 1/10ಕ್ಕೆ 308.5, ನಿಮ್ಮ ಚಾಸಿಗೆ ನಾಲ್ಕೈದು ಮಿ.ಮೀ. ಮಾತ್ರ ವ್ಯತ್ಯಾಸ. ಮುಂದೊಮ್ಮೆ ಹಳೇ ವಿಲ್ಲೀಸ್ ಕಟ್ಟುವ ಆಸೆಯಿದ್ದರೆ 1/8 ಹಿಡಿಯಿರಿ. 80 ಇಂಚಿನ ವೀಲ್‌ಬೇಸ್ 254 ಮಿ.ಮೀ. ಆಗುತ್ತದೆ, 6.00-16 ಟೈರು 90ರ ಹತ್ತಿರ ಬರುತ್ತದೆ. ಅದೇ 1.55 ರಿಮ್ಮು ಅಲ್ಲಿಗೂ ನಡೆಯುತ್ತದೆ.

ಬಾಡಿ ಕಟ್ಟುವ ಸ್ಟೈರೀನ್ ಪ್ಲಾಸ್ಟಿಕ್ ಶೀಟ್ ನಮ್ಮಲ್ಲಿ ಸಿಗುವುದಿಲ್ಲ, ತರಿಸಿದರೆ ದುಬಾರಿ. ಬದಲಿಗೆ ಏನು ಬಳಸಬಹುದು? – ಸೋಮವಾರಪೇಟೆಯ ಓದುಗರು

ಪಿವಿಸಿ ಪೈಪು. 110 ಮಿ.ಮೀ. ವ್ಯಾಸದ ಪೈಪನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಸುಮಾರು 34 ಸೆಂ.ಮೀ. ಅಗಲದ ಹಾಳೆ ಸಿಗುತ್ತದೆ. 45 ಸೆಂ.ಮೀ. ಉದ್ದದ ತುಂಡು 1/9 ಥಾರ್‌ನ ಒಂದು ಪಕ್ಕಕ್ಕೆ ಸಾಕು. ಪಿವಿಸಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆ. ಬಚ್ಚಲುಮನೆಯ ಹಂಡೆಯಲ್ಲಿ ನೀರು ಕುದಿಯುವಾಗ ಎರಡು ಮೂರು ನಿಮಿಷ ಮುಳುಗಿಸಿ, ದಪ್ಪ ಕೈಗವಸು ಹಾಕಿ ಇಕ್ಕಳದಲ್ಲಿ ಎತ್ತಿ, ಎರಡು ಪ್ಲೈವುಡ್ ಹಲಗೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ. ಪೂರ್ತಿ ತಣಿಯುವವರೆಗೆ ತೆಗೆಯಬೇಡಿ, ಬೆಚ್ಚಗಿರುವಾಗ ತೆಗೆದರೆ ಮತ್ತೆ ಸುರುಳಿಯಾಗುತ್ತದೆ. ಬೆಂಕಿಗೆ ಹಿಡಿಯಬೇಡಿ, ಸುಟ್ಟ ಪಿವಿಸಿಯಿಂದ ಬರುವುದು ಹೈಡ್ರೋಜನ್ ಕ್ಲೋರೈಡ್ ಹೊಗೆ, ಗಂಟಲು ಮತ್ತು ಶ್ವಾಸಕೋಶಕ್ಕೆ ಕೆಟ್ಟದ್ದು. ಅಂಟಿಸಲು ಪ್ಲಂಬರುಗಳ ಸಾಲ್ವೆಂಟ್ ಸಿಮೆಂಟೇ ಸಾಕು.

ಒಂದೇ ತೊಂದರೆ, ತೂಕ. ಇಂಥ ಒಂದು ಹಾಳೆ ಅರ್ಧ ಕೆ.ಜಿ. ಆದೀತು. ಆದ್ದರಿಂದ ನೆಲ, ಬಂಪರು, ಪಕ್ಕದ ಕೆಳಭಾಗಕ್ಕೆ ಪಿವಿಸಿ ಇಡಿ. ಬಾನೆಟ್ಟು, ಬಾಗಿಲಿನ ಮೇಲ್ಭಾಗಕ್ಕೆ ಬೋರ್ಡ್ ಬರೆಯುವವರ ಹತ್ತಿರ ಸಿಗುವ 3 ಮಿ.ಮೀ. ಸನ್‌ಬೋರ್ಡ್ ಹಗುರ. ಕಿಟಕಿಯ ಅಂಚನ್ನು ಒಳಗಿನಿಂದ ಓರೆಯಾಗಿ ಅರದಿಂದ ಉಜ್ಜಿ, ಆಗ ದಪ್ಪ ಕಾಣುವುದಿಲ್ಲ. ಮೇಲ್ಛಾವಣಿಗೆ ಶೀಟೇ ಬೇಡ, ಹಳೇ ಕೊಡೆಯ ಕಪ್ಪು ಬಟ್ಟೆಯನ್ನು ತಂತಿಯ ಚೌಕಟ್ಟಿಗೆ ಹೊಲಿದರೆ ಟಾರ್ಪಾಲು ಜೀಪಿನ ಕಳೆಯೇ ಬರುತ್ತದೆ. ಕೊಡಗಿನಲ್ಲಿ ಮುರಿದ ಕೊಡೆಗೆ ಬರವೇ?

ತೋಟದ ಬರೆ ಹತ್ತುವಾಗ ನನ್ನ ಟ್ರಕ್ ಅರ್ಧಕ್ಕೆ ಹೋಗಿ ಹಿಂದಕ್ಕೆ ಮಗುಚಿ ಬೀಳುತ್ತದೆ. ದೊಡ್ಡ ಮೋಟಾರು ಹಾಕಿದೆ, ಇನ್ನೂ ಬೇಗ ಮಗುಚುತ್ತದೆ. – ನಾಪೋಕ್ಲಿನ ಓದುಗರು

ಬಿಟ್ಟುಬಿಡಿ ಮೋಟಾರನ್ನು. ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಮುಂದಿನ ಎರಡು ಚಕ್ರ ತಕ್ಕಡಿ ಮೇಲೆ, ಹಿಂದಿನವು ಅಷ್ಟೇ ಎತ್ತರದ ಪುಸ್ತಕದ ಮೇಲೆ ಇಟ್ಟು ತೂಗಿ, ಆಮೇಲೆ ಅದಲುಬದಲು ಮಾಡಿ ತೂಗಿ. ಬ್ಯಾಟರಿ, ಬಾಡಿ ಎಲ್ಲ ಗಾಡಿಯ ಮೇಲಿರಬೇಕು.

ಒಂದು ಲೆಕ್ಕ ನೋಡೋಣ. 313 ಮಿ.ಮೀ. ವೀಲ್‌ಬೇಸಿನ ಗಾಡಿ, ಮುಂದೆ 1180 ಗ್ರಾಂ, ಹಿಂದೆ 1420. ಒಟ್ಟು 2600ರಲ್ಲಿ ಮುಂದೆ ಇರುವುದು ಶೇ 45. ಇದು ಮಗುಚಲಿಕ್ಕೇ ಹುಟ್ಟಿದ ಗಾಡಿ. 280 ಗ್ರಾಂ ಬ್ಯಾಟರಿಯನ್ನು ಹಿಂದಿನಿಂದ 160 ಮಿ.ಮೀ. ಮುಂದಕ್ಕೆ ತಂದರೆ 143 ಗ್ರಾಂ ಮುಂದಿನ ಆಕ್ಸಲ್‌ಗೆ ಹೋಗುತ್ತದೆ: 1323 ಮತ್ತು 1277. ದುಡ್ಡು ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯಿತು. ಇನ್ನು ಮುಂದಿನ ಒಂದೊಂದು ರಿಮ್ಮಿನೊಳಗೆ 100 ಗ್ರಾಂ ಸೀಸ ಅಂಟಿಸಿ. ವೀಲ್ ಬ್ಯಾಲೆನ್ಸಿಂಗ್ ಮಾಡುವ ಅಂಗಡಿಯಲ್ಲಿ 5, 10 ಗ್ರಾಂ ತುಂಡುಗಳ ಅಂಟುಪಟ್ಟಿ ಸಿಗುತ್ತದೆ. ಈಗ 2800ರಲ್ಲಿ 1523 ಮುಂದೆ, ಶೇ 54. ಶೇ 55ರಿಂದ 60ರವರೆಗೆ ಹೋಗಬಹುದು. ಆದರೆ ಚಕ್ರಕ್ಕೆ 150 ಗ್ರಾಂ ದಾಟಿದರೆ ಸರ್ವೋ, ಮುಂದಿನ ಸಣ್ಣ ಶಾಫ್ಟುಗಳು ಸೋಲುತ್ತವೆ. ಭಾರವನ್ನು ಚಾಸಿಯ ಮೇಲೆ ಹೇರಬೇಡಿ. ಅದು ಆಕ್ಸಲ್‌ನ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗಿರಬೇಕು.

ಆಮೇಲೆ ಶಾಕ್. ಹತ್ತುವಾಗ ಹಿಂದಿನ ಸ್ಪ್ರಿಂಗ್ ಕುಸಿದು ಮೂತಿ ಮೇಲೆದ್ದರೆ ಮುಂದಿನ ಟೈರು ನೆಲ ಬಿಡುತ್ತದೆ. ಮುಂದೆ ಮೆದು, ಹಿಂದೆ ಒಂದು ಹಂತ ಬಿಗಿ ಸ್ಪ್ರಿಂಗ್ ಹಾಕಿ. ಗಾಡಿ ತನ್ನ ಭಾರಕ್ಕೆ ತಾನೇ ಶಾಕಿನ ಮೂರನೇ ಒಂದು ಭಾಗದಷ್ಟು ಕುಳಿತಿರಲಿ. ಶಾಕಿನೊಳಗೆ 30 ವೇಟ್ (ಎಣ್ಣೆಯ ಮಂದತೆಯ ಅಳತೆ) ಸಿಲಿಕೋನ್ ಎಣ್ಣೆ ಸಾಕು. ಇಂಜಿನ್ ಆಯಿಲ್ ಹಾಕಿದರೆ ಓ-ರಿಂಗ್ ಊದಿಕೊಂಡು ಶಾಕ್ ಬಿಗಿಯುತ್ತದೆ.

ಟೈರಿನ ಒಳಗಿನ ಫೋಮನ್ನೂ ಒಮ್ಮೆ ತೆಗೆದು ನೋಡಿ. ಮುಂದಿನ ಟೈರು ಕಲ್ಲನ್ನು ಅಪ್ಪಿಕೊಳ್ಳುವಷ್ಟು ಮೆದುವಿರಬೇಕು, ಹಿಂದಿನದು ಓರೆ ಇಳಿಜಾರಿನಲ್ಲಿ ಮಡಚದಷ್ಟು ಗಟ್ಟಿ. ಹೊರಗೆ ಮೆದು, ಒಳಗೆ ಗಟ್ಟಿ ಇರುವ ಎರಡು ಪದರದ ಫೋಮ್ ಕೊಂಡರೆ ಹಾಕಿದ ದುಡ್ಡಿಗೆ ಮೋಸವಿಲ್ಲ. ಪಾಚಿ ಕಟ್ಟಿದ ಒದ್ದೆ ಕಲ್ಲಿಗೆ ಮಾತ್ರ ಯಾವ ಟೈರೂ ಕಚ್ಚುವುದಿಲ್ಲ, ಅದಕ್ಕಾಗಿ ಟೈರಿನ ಮೇಲೆ ಟೈರು ಕೊಳ್ಳಬೇಡಿ.

ಚಕ್ರ ಕಲ್ಲಿಗೆ ಒತ್ತಿದಾಗ ತಿರುಗಿಸಿದರೆ ಗಾಡಿ ಒಂದು ಕ್ಷಣ ಸತ್ತು ಮತ್ತೆ ಬದುಕುತ್ತದೆ. ರಿಮೋಟ್ ಕೆಟ್ಟಿದೆಯೇ? – ವಿರಾಜಪೇಟೆಯ ಓದುಗರು

ರಿಮೋಟ್ ಚೆನ್ನಾಗಿದೆ, ಗಾಡಿಯೊಳಗೆ ಅದರ ಸಂಕೇತ ಹಿಡಿಯುವ ರಿಸೀವರ್‌ಗೆ ಊಟ ಸಾಲುತ್ತಿಲ್ಲ. 25 ಕೆ.ಜಿ. ಬಲದ ಸರ್ವೋ ಅಲುಗದೆ ಸಿಕ್ಕಿಕೊಂಡು ನಿಂತಾಗ 3 ಆಂಪಿಯರ್‌ಗಿಂತ ಹೆಚ್ಚು ಎಳೆಯಬಲ್ಲದು. ಮೋಟಾರಿನ ವೇಗ ನಿಭಾಯಿಸುವ ಸ್ಪೀಡ್ ಕಂಟ್ರೋಲರ್ ಒಳಗಿನ ಬಿಇಸಿ (ರಿಸೀವರ್, ಸರ್ವೋಗಳಿಗೆ ವಿದ್ಯುತ್ ಕೊಡುವ ಭಾಗ) ಕೊಡುವುದು ಸಾಮಾನ್ಯವಾಗಿ 2-3. ವೋಲ್ಟೇಜ್ ಕುಸಿದು ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಖಾತ್ರಿ ಮಾಡಿಕೊಳ್ಳಲು ಸರ್ವೋ ಪ್ಲಗ್ ಕಿತ್ತು ಗಾಡಿ ಓಡಿಸಿ. ಸಾಯದಿದ್ದರೆ ರೋಗ ಇದೇ.

5-6 ಆಂಪಿಯರ್‌ನ ಬೇರೆ ಬಿಇಸಿ ತಂದು 6 ವೋಲ್ಟ್‌ಗೆ ಇಟ್ಟು ನೇರ ಬ್ಯಾಟರಿಯಿಂದ ಕೊಡಿ. ಸ್ಪೀಡ್ ಕಂಟ್ರೋಲರ್‌ನಿಂದ ರಿಸೀವರ್‌ಗೆ ಹೋಗುವ ಮೂರು ತಂತಿಗಳಲ್ಲಿ ನಡುವಿನ ಕೆಂಪನ್ನು ಪ್ಲಗ್ಗಿನಿಂದ ಹೊರತೆಗೆದು ಟೇಪ್ ಸುತ್ತಿ. ಇದನ್ನು ಮರೆತರೆ ಎರಡು ಬಿಇಸಿಗಳು ಒಂದರ ಮೇಲೊಂದು ಕಾದಾಡಿ ಯಾವುದಾದರೊಂದು ಸುಡುತ್ತದೆ.

ಪೂರ್ತಿ ತಿರುಗಿಸಿದಾಗ ಸರ್ವೋ 'ಗುಂಯ್' ಎನ್ನುತ್ತಲೇ ಇದ್ದರೆ, ಚಕ್ರ ನಿಂತ ಮೇಲೂ ಅದು ತಳ್ಳುತ್ತಿದೆ ಎಂದರ್ಥ. ರಿಮೋಟಿನಲ್ಲಿ ಎಂಡ್ ಪಾಯಿಂಟ್ (ಸರ್ವೋ ತಿರುಗುವ ಮಿತಿ) ಇಳಿಸುತ್ತಾ ಬನ್ನಿ, ಸದ್ದು ನಿಂತಲ್ಲಿ ಬಿಡಿ.

35, 45, 55 ಟರ್ನ್ ಮೋಟಾರುಗಳಲ್ಲಿ ಯಾವುದು? – ಕುಶಾಲನಗರದ ಓದುಗರು

ಟರ್ನ್ ಎಂದರೆ ಮೋಟಾರಿನೊಳಗೆ ಸುತ್ತಿದ ತಂತಿಯ ಸುತ್ತುಗಳ ಲೆಕ್ಕ. ಅದು ಹೆಚ್ಚಿದಷ್ಟೂ ವೇಗ ಕಡಿಮೆ, ನಿಧಾನದಲ್ಲಿ ಹಿಡಿತ ಹೆಚ್ಚು. ನಿಮ್ಮ ಮೋಟಾರು ನಿಮಿಷಕ್ಕೆ 10,000 ಸುತ್ತು, ಒಟ್ಟು ಗೇರ್ ಅನುಪಾತ 40 ಎಂದಿಟ್ಟುಕೊಳ್ಳಿ. ಚಕ್ರ ಸುತ್ತುವುದು 250 ಸಲ. 110 ಮಿ.ಮೀ. ಟೈರು ಒಂದು ಸುತ್ತಿಗೆ 345 ಮಿ.ಮೀ. ಹೋಗುತ್ತದೆ, ಗಂಟೆಗೆ 5 ಕಿ.ಮೀ., ನೀವು ಪಕ್ಕದಲ್ಲಿ ನಡೆಯುವ ವೇಗ. ಅಷ್ಟು ಸಾಕು. 2 ಸೆಲ್ ಬ್ಯಾಟರಿಗೆ 35, 3 ಸೆಲ್‌ಗೆ 45 ಅಥವಾ 55. ಪಿನಿಯನ್ (ಮೋಟಾರಿನ ತುದಿಯ ಪುಟ್ಟ ಹಲ್ಲುಚಕ್ರ) ಕೂರಿಸುವಾಗ ಹಲ್ಲುಗಳ ನಡುವೆ ನೋಟ್‌ಬುಕ್ ಹಾಳೆಯ ಪಟ್ಟಿ ಇಟ್ಟು ಒತ್ತಿ ಸ್ಕ್ರೂ ಬಿಗಿದು, ಪಟ್ಟಿಯನ್ನು ಸುತ್ತಿಸಿ ಹೊರತೆಗೆಯಿರಿ. ಹಾಳೆ ಮಡಿಕೆ ಬಿದ್ದಿರಬೇಕು, ಹರಿದಿರಬಾರದು.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಓಡಿಸಬಹುದೇ? ನಾಲ್ಕು ದಿನ ಕರೆಂಟಿಲ್ಲದಿದ್ದರೆ ಬ್ಯಾಟರಿ ಏನು ಮಾಡುವುದು? – ಭಾಗಮಂಡಲದ ಓದುಗರು

ಓಡಿಸಬಹುದು, ಓಡಿಸಿದ ಮೇಲಿನ ಅರ್ಧ ಗಂಟೆಗೆ ತಯಾರಿದ್ದರೆ. ರಿಸೀವರ್ ಡಬ್ಬಿಯಲ್ಲಿ ತಂತಿ ಹೊರಬರುವ ಕಿಂಡಿಗೆ ಸಿಲಿಕೋನ್ ಗ್ರೀಸ್ ತುಂಬಿ. ಸಾದಾ ಫೋಮ್ ನೀರು ಕುಡಿದು ಚಕ್ರವನ್ನು ಕಲ್ಲಿನಂತೆ ಮಾಡುತ್ತದೆ. ಟೈರಿನ ನಡುಪಟ್ಟಿಯಲ್ಲಿ ಎದುರುಬದುರು 3 ಮಿ.ಮೀ.ನ ಎರಡು ತೂತು ಕೊರೆದು, ರಿಮ್ಮಿನ ತೂತುಗಳಿಗೆ ಟೇಪ್ ಹಾಕಿ. ಮನೆಗೆ ಬಂದ ಕೂಡಲೇ ಆಕ್ಸಲ್‌ಗೆ ಸುತ್ತಿದ ಹುಲ್ಲು, ತರಗೆಲೆಯ ನಾರನ್ನು ಚಿಮಟದಿಂದ ಕೀಳಿ. ಅದು ಬೇರಿಂಗಿನ ಸೀಲಿನೊಳಗೆ ನುಗ್ಗಿದರೆ ಹಿಂದೆಯೇ ಕೆಂಪು ಮಣ್ಣು ಹೋಗುತ್ತದೆ. ಗಾಡಿಯ ಜೊತೆ ನಿಮ್ಮ ಕಾಲನ್ನೂ ನೋಡಿಕೊಳ್ಳಿ, ಜಿಗಣೆಗೆ ಸ್ಕೇಲಿನ ಭೇದವಿಲ್ಲ. ಮೋಟಾರಿನ ಎರಡೂ ತುದಿಗೆ ಒಂದೊಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಡಿ. ಲೋಹಕ್ಕೆ ಲೋಹ ಕೂರುವ ಸ್ಕ್ರೂಗಳಿಗೆ ಮಾತ್ರ ನೀಲಿ ಥ್ರೆಡ್‌ಲಾಕರ್. ಪ್ಲಾಸ್ಟಿಕ್ಕಿಗೆ ತಗುಲಿದರೆ ಬಿರುಕು ಬಿಡುತ್ತದೆ.

ಕರೆಂಟಿಲ್ಲದಾಗ ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡಬಹುದು. 12 ವೋಲ್ಟ್ ಡಿಸಿ ತೆಗೆದುಕೊಳ್ಳುವ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿಯ) ಚಾರ್ಜರ್ ಬೇಕು, ಅಷ್ಟೇ. 2 ಸೆಲ್‌ನ 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು 37 ವ್ಯಾಟ್-ಅವರ್. ಚಾರ್ಜರಿನ ನಷ್ಟ ಸೇರಿಸಿದರೂ ಜೀಪಿನ ಬ್ಯಾಟರಿಯಿಂದ 4 ಆಂಪಿಯರ್-ಅವರ್‌ಗಿಂತ ಹೆಚ್ಚು ಹೋಗದು. ಚಾರ್ಜರನ್ನು 5 ಆಂಪಿಯರ್‌ಗೆ ಇಡಿ, ಸೆಲ್‌ಗಳನ್ನು ಸಮವಾಗಿ ತುಂಬಿಸುವ ಬ್ಯಾಲೆನ್ಸ್ ಪ್ಲಗ್ ಸಿಕ್ಕಿಸಿ, ಚಾರ್ಜರ್ ಸಿಕ್ಕಿಸಿರುವಾಗ ಜೀಪು ಸ್ಟಾರ್ಟ್ ಮಾಡಬೇಡಿ. ಬ್ಯಾಟರಿ ಇರುವ ಜಾಗ ಸಿಮೆಂಟಿನ ನೆಲವಾಗಿರಲಿ. ಮರದ ಅಟ್ಟವೂ ಬೇಡ, ಕಾಫಿ ಚೀಲದ ಪಕ್ಕವೂ ಬೇಡ.

ಮಳೆ ಬಿಡುವ ಲಕ್ಷಣವಿಲ್ಲವೆಂದರೆ ಬ್ಯಾಟರಿಯನ್ನು ತುಂಬಿಸಿ ಇಡಬೇಡಿ. ಸೆಲ್‌ಗೆ 3.8 ವೋಲ್ಟ್, ಅಂದರೆ 2 ಸೆಲ್ ಬ್ಯಾಟರಿಗೆ 7.6ಕ್ಕೆ ತಂದು, ಗಾಡಿಯಿಂದ ಪ್ಲಗ್ ಕಿತ್ತು ಎತ್ತಿಡಿ. ಸ್ವಿಚ್ ಆಫ್ ಮಾಡಿದ್ದೇನಲ್ಲ ಎಂದು ಗಾಡಿಯಲ್ಲೇ ಬಿಟ್ಟರೆ ಸ್ಪೀಡ್ ಕಂಟ್ರೋಲರ್ ಹನಿಹನಿಯಾಗಿ ಎಳೆಯುತ್ತಲೇ ಇರುತ್ತದೆ. ಸೆಪ್ಟೆಂಬರಿನಲ್ಲಿ ತೆರೆದಾಗ ಕೈಗೆ ಸಿಗುವುದು ಊದಿಕೊಂಡ ಬ್ಯಾಟರಿ. ಅದನ್ನು ಚುಚ್ಚಬೇಡಿ, ಮತ್ತೆ ಚಾರ್ಜ್‌ಗೂ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ.